ರಕ್ತ ನಿಂತಿತೆಂದು ಚಿಕಿತ್ಸೆ ಬಿಡಬೇಡಿ

ತಪ್ಪು ಕಲ್ಪನೆ: ಗರ್ಭಕಂಠದ ಕ್ಯಾನ್ಸರ್ ಬಂದರೆ ಹೆಂಗಸು ಉಳಿಯುವುದಿಲ್ಲ.

2012ರಿಂದ 2015ರ ನಡುವೆ ರೋಗ ಪತ್ತೆಯಾದವರನ್ನು ನಮ್ಮ ದೇಶದ ಕ್ಯಾನ್ಸರ್ ನೋಂದಣಿ ಕೇಂದ್ರಗಳು ಗಮನಿಸುತ್ತ ಬಂದವು. ಐದು ವರ್ಷ ಕಳೆದ ಮೇಲೂ ಸುಮಾರು ಅರ್ಧದಷ್ಟು ಮಂದಿ ಬದುಕಿದ್ದರು. ರೋಗ ಬಲಿತ ಮೇಲೆ ಬಂದವರೂ ಸೇರಿದ ಲೆಕ್ಕ ಇದು. ಗೆಡ್ಡೆ ಗರ್ಭಕೋಶದಾಚೆ ಹರಡುವ ಮೊದಲೇ ಸಿಕ್ಕವರಲ್ಲಿ ಅಮೆರಿಕದ ಅಂಕಿ ನೂರಕ್ಕೆ 90ರ ಆಸುಪಾಸು. ಇನ್ನು ‘ಐದು ವರ್ಷ’ ಎಂಬುದು ಆಯಸ್ಸಿನ ಗಡುವಲ್ಲ. ರೋಗ ಮರಳುವುದಾದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲೇ ಮರಳುತ್ತದೆ. ಐದು ದಾಟಿದವರಲ್ಲಿ ಆ ಭಯ ಬಹಳ ಕಡಿಮೆ.

ತಪ್ಪು ಕಲ್ಪನೆ: ಆಪರೇಷನ್ ಮಾಡದೆ ಕರೆಂಟ್ ಕೊಟ್ಟರೆ ಡಾಕ್ಟರು ಕೈಬಿಟ್ಟಂತೆ.

ಗೆಡ್ಡೆ ಅಕ್ಕಪಕ್ಕಕ್ಕೆ ಹಬ್ಬಿದ ಮೇಲೆ ಗುಣಪಡಿಸುವ ಚಿಕಿತ್ಸೆಯೇ ರೇಡಿಯೇಷನ್, ಅಂದರೆ ಜನ ‘ಕರೆಂಟ್’ ಎನ್ನುವ ಚಿಕಿತ್ಸೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ಮೂರನೇ ಹಂತದ 850 ಮಹಿಳೆಯರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೇಡಿಯೇಷನ್ ಮಾತ್ರ ಪಡೆದವರಲ್ಲಿ ಶೇ. 46, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕಿಮೊ ಔಷಧ ಪಡೆದವರಲ್ಲಿ ಶೇ. 54 ಮಂದಿ ಐದು ವರ್ಷ ದಾಟಿದರು. ಮೂರನೇ ಹಂತದಲ್ಲೂ ಅರ್ಧಕ್ಕಿಂತ ಹೆಚ್ಚು!

ತಪ್ಪು ಕಲ್ಪನೆ: ರಕ್ತ ಹೋಗುವುದು ನಿಂತಿತು, ಇನ್ನು ಊರಿಗೆ ಹೋಗಬಹುದು.

ಜೀವಕ್ಕೆ ಎರವಾಗುವ ನಂಬಿಕೆ ಇದು. ಕರೆಂಟ್ ಶುರುವಾದ ಕೆಲವೇ ವಾರಗಳಲ್ಲಿ ರಕ್ತಸ್ರಾವ ನಿಲ್ಲುತ್ತದೆ, ನೋವು ತಗ್ಗುತ್ತದೆ. ಅತ್ತ ಕುಯ್ಲು, ಮಕ್ಕಳ ಪರೀಕ್ಷೆ, ಹಟ್ಟಿಯಲ್ಲಿ ದನ. ‘ಈಗ ಆರಾಮಿದ್ದೀಯಲ್ಲ’ ಎಂದು ಮನೆಯವರು ಕರೆದೊಯ್ಯುತ್ತಾರೆ. ಆದರೆ ಗೆಡ್ಡೆ ಅಲ್ಲೇ ಇರುತ್ತದೆ. ಹೊರಗಿನಿಂದ ಕೊಡುವ ಸುಮಾರು ಐದು ವಾರದ ರೇಡಿಯೇಷನ್ ಆದ ಮೇಲೆ, ಯೋನಿಯ ಮೂಲಕ ಸಾಧನವಿಟ್ಟು ಗೆಡ್ಡೆಗೇ ತಾಗುವಂತೆ ಕೊಡುವ ಬ್ರಾಕಿಥೆರಪಿ ಬಾಕಿ ಇರುತ್ತದೆ. ಕರುಳು, ಮೂತ್ರಕೋಶಕ್ಕೆ ಹೆಚ್ಚು ಪೆಟ್ಟಾಗದಂತೆ ಗೆಡ್ಡೆಗೆ ಬೇಕಾದಷ್ಟು ಡೋಸ್ ತಲುಪಿಸುವುದು ಅದೇ. ಎಲ್ಲವೂ ಎಂಟು ವಾರದೊಳಗೆ ಮುಗಿಯಬೇಕು. ತಡವಾದಷ್ಟೂ ಗುಣವಾಗುವ ಸಾಧ್ಯತೆ ಕುಸಿಯುತ್ತದೆ. ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಚಿಕಿತ್ಸೆಯ ಖರ್ಚಿಗೆ ನೆರವಾಗುತ್ತದೆ. ಎರಡು ತಿಂಗಳ ಕೂಲಿ, ನಗರದಲ್ಲಿ ತಂಗಲು ಜಾಗ, ಮನೆಗೆಲಸಕ್ಕೆ ಒಂದು ಕೈ, ಇವನ್ನು ಹೊಂದಿಸಬೇಕಾದವರು ಗಂಡ, ಅಣ್ಣತಮ್ಮಂದಿರು, ಬೆಳೆದ ಮಕ್ಕಳು. ಅವಳೊಬ್ಬಳ ತಲೆಗೆ ಕಟ್ಟುವ ಹೊರೆ ಇದಲ್ಲ.

ತಪ್ಪು ಕಲ್ಪನೆ: ಅವಳ ತಟ್ಟೆ, ಲೋಟ, ಹಾಸಿಗೆ ಬೇರೆ ಇಡಬೇಕು.

ಬೇಡವೇ ಬೇಡ. ಕ್ಯಾನ್ಸರ್ ಅಂಟುವುದಿಲ್ಲ. ಹೊರಗಿನ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಇಂದು ಸಾಮಾನ್ಯವಾಗಿ ಬಳಸುವ ಬ್ರಾಕಿಥೆರಪಿಯಲ್ಲಿ ವಿಕಿರಣದ ಮೂಲವನ್ನು ಪ್ರತಿ ಸಲವೂ ಹೊರತೆಗೆಯುತ್ತಾರೆ. ಮೊಮ್ಮಗುವನ್ನು ಅವಳು ತಬ್ಬಿಕೊಂಡು ಮಲಗಲಿ.

ತಪ್ಪು ಕಲ್ಪನೆ: ಗುಣವಾದ ಮೇಲೆ ಗಂಡಹೆಂಡಿರು ಕೂಡಿದರೆ ರೋಗ ಮರಳುತ್ತದೆ.

ಮರಳುವುದಿಲ್ಲ. ಆದರೆ ರೇಡಿಯೇಷನ್‌ನಿಂದ ಯೋನಿ ಒಣಗಿ ಕಿರಿದಾಗಬಹುದು, ಚಿಕ್ಕ ವಯಸ್ಸಿನವರಿಗೂ ಮುಟ್ಟು ನಿಲ್ಲಬಹುದು. ಯೋನಿ ಕಿರಿದಾಗದಂತೆ ಬಳಸುವ ಡೈಲೇಟರ್, ಒಣಗಿದ್ದಕ್ಕೆ ಲೂಬ್ರಿಕೆಂಟ್, ಕೆಲವರಿಗೆ ಹಾರ್ಮೋನ್ ಮಾತ್ರೆ ನೆರವಾಗುತ್ತವೆ. ನಾಚಿಕೆಯಿಂದ ಯಾರೂ ಕೇಳುವುದಿಲ್ಲ, ಗಡಿಬಿಡಿಯ ಒಪಿಡಿಯಲ್ಲಿ ಎಲ್ಲರೂ ಹೇಳುವುದೂ ಇಲ್ಲ. ಮೊದಲೆರಡು ವರ್ಷ ಮೂರ್ನಾಲ್ಕು ತಿಂಗಳಿಗೊಮ್ಮೆ, ಆಮೇಲೆ ಐದನೇ ವರ್ಷದವರೆಗೆ ಆರು ತಿಂಗಳಿಗೊಮ್ಮೆ ತಪಾಸಣೆಗೆ ಕರೆಯುವುದು ವಾಡಿಕೆ. ಆ ಭೇಟಿಗಳಲ್ಲಿ ಇದನ್ನೂ ಬಾಯಿಬಿಟ್ಟು ಕೇಳಬಹುದು.