ಪೆಟ್ಟಿಗೆಯ ತಳದ ಕಾಗದ: ನರಗುಂದ, ಗಜೇಂದ್ರಗಡದ ಮನೆತನಗಳು ಬೆಳೆಗಾರನಿಗೆ ಹೇಳುವ ಮಾತು

ರೋಣ, ನರಗುಂದ, ಗಜೇಂದ್ರಗಡ ಎಂದೊಡನೆ ನಮ್ಮ ಬೆಳೆಗಾರ ಬಾಂಧವರ ಕಣ್ಣ ಮುಂದೆ ನಿಲ್ಲುವುದು ಎರೆಹೊಲ, ಬಿಳಿಜೋಳ, ಕಡಲೆ, ಮೆಣಸಿನಕಾಯಿ. ಕಾಫಿಗೆ ಬೇಕಾದ ನೆರಳಾಗಲಿ ಅಡಿಕೆಗೆ ಬೇಕಾದ ತಂಪಾಗಲಿ ಆ ಬಯಲಿನಲ್ಲಿಲ್ಲ. ಆದರೂ ಗದಗ ಜಿಲ್ಲೆಯ ಆ ಸೀಮೆಯ ಹಳೆಯ ಮನೆತನಗಳ ವಿಷಯವನ್ನು ನಮ್ಮ ಪತ್ರಿಕೆಯಲ್ಲಿ ಪ್ರಸ್ತಾಪಿಸಲು ಬಲವಾದ ಕಾರಣವಿದೆ. ಅಲ್ಲಿ ಭೂಮಿ ಬಂದದ್ದು ಕತ್ತಿಯಿಂದ. ಉಳಿದದ್ದು ಮತ್ತು ಹೋದದ್ದು ಕಾಗದದಿಂದ. ಕತ್ತಿಯ ಕಾಲ ಮುಗಿದಿದೆ. ಕಾಗದದ ಕಾಲ ಮುಗಿದಿಲ್ಲ ಎಂಬುದು ಸಾಲದ ಅರ್ಜಿ ಹಿಡಿದು ಸಂಘದ ಕಚೇರಿಗೆ ಬರುವ ಪ್ರತಿಯೊಬ್ಬ ಸದಸ್ಯರಿಗೂ ತಿಳಿದ ವಿಷಯ.

ದಂಡಿನ ಮನೆತನ, ಭೂಮಿಯ ಒಡೆತನ

ಮರಾಠರ ಆಳ್ವಿಕೆಯಲ್ಲಿ ಕುದುರೆ ದಂಡು ಸಾಕಿ ಯುದ್ಧಕ್ಕೆ ಒದಗಿಸುವ ಸರದಾರನಿಗೆ ಸಂಬಳಕ್ಕೆ ಬದಲಾಗಿ ಊರುಗಳ ಕಂದಾಯವನ್ನು ಬಿಟ್ಟುಕೊಡುವ ಪದ್ಧತಿ ಇತ್ತು. ಅದಕ್ಕೆ ಸರಂಜಾಮು ಎಂದು ಹೆಸರು. ಸೇವೆಗಾಗಿ, ದೇವಸ್ಥಾನಕ್ಕಾಗಿ, ವಿದ್ಯೆಗಾಗಿ ಕೊಟ್ಟ ಭೂಮಿ ಇನಾಮು. ವಂಶಪಾರಂಪರ್ಯವಾಗಿ ಬಂದ ಹುದ್ದೆ ಮತ್ತು ಅದರ ಭೂಮಿ ವತನ. ಇವೆಲ್ಲಕ್ಕೂ ಆಧಾರ ಸನದು, ಎಂದರೆ ಮೊಹರು ಬಿದ್ದ ಕಾಗದ.

ಗಜೇಂದ್ರಗಡದ ಘೋರ್ಪಡೆಯವರು ಇಂಥ ದಂಡಿನ ಮನೆತನದವರು. ಛತ್ರಪತಿ ರಾಜಾರಾಮನ ಸೇನಾಪತಿಯಾಗಿ ಮೊಗಲರ ನಿದ್ದೆಗೆಡಿಸಿದ ಸಂತಾಜಿ ಘೋರ್ಪಡೆಯ ತಮ್ಮ ಬಹಿರ್ಜಿಯ ಕವಲು ಇವರದು. ಸಂಡೂರಿನ ಅರಸರೂ ಘೋರ್ಪಡೆಯವರೇ. ಮುಧೋಳದಲ್ಲಿ ಇನ್ನೊಂದು ಘೋರ್ಪಡೆ ಸಂಸ್ಥಾನವಿತ್ತು.

ಆ ಮುಧೋಳದ ಮನೆಯ ಕಾಗದಗಳ ಕಥೆ ಸ್ವಾರಸ್ಯವಾದದ್ದು. ಬಹಮನಿ ಸುಲ್ತಾನರೂ ಬಿಜಾಪುರದ ಆದಿಲಶಾಹಿಗಳೂ ತಮ್ಮ ಪೂರ್ವಿಕರಿಗೆ ಕೊಟ್ಟವೆನ್ನಲಾದ ಫರ್ಮಾನುಗಳನ್ನು ಈ ಮನೆತನ ತಲೆಮಾರುಗಳಿಂದ ಜೋಪಾನ ಮಾಡಿಕೊಂಡು ಬಂದಿತ್ತು. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆಯ ಗೋಡೆ ಹತ್ತಿದ ಪರಾಕ್ರಮಕ್ಕಾಗಿ ಘೋರ್ಪಡೆ ಎಂಬ ಬಿರುದು ಬಂತೆಂದು ಹೇಳುವುದು ಅವುಗಳಲ್ಲೊಂದು. ಮರಾಠಿಯಲ್ಲಿ ಉಡಕ್ಕೆ ಘೋರ್ಪಡ ಎನ್ನುತ್ತಾರೆ. 1934ರಲ್ಲಿ ದ. ವಿ. ಆಪ್ಟೆ ಎಂಬ ವಿದ್ವಾಂಸರು ಈ ಮನೆತನದ ಇತಿಹಾಸವನ್ನು ಮರಾಠಿಯಲ್ಲಿ ಪ್ರಕಟಿಸಿದಾಗ ಈ ಫರ್ಮಾನುಗಳು ಹೊರಬಂದವು. ಕೂಡಲೇ ಅವುಗಳಲ್ಲಿ ಅಸಲು ಯಾವುದು, ನಕಲು ಯಾವುದು ಎಂಬ ವಾದ ಎದ್ದಿತು. ಆ ವಾದ ಇತಿಹಾಸಕಾರರಿಗೆ ಬಿಟ್ಟದ್ದು. ನಾವು ಗಮನಿಸಬೇಕಾದದ್ದು ಇಷ್ಟು: ಕಾಗದ ಉಳಿದಿದ್ದರಿಂದ ವಾದಕ್ಕಾದರೂ ಆಸ್ಪದವಾಯಿತು.

ನರಗುಂದ: ಕಾಗದದಿಂದ ಬಂದದ್ದು, ಕಾಗದದಿಂದ ಹೋದದ್ದು

ನರಗುಂದದ ಭಾವೆ ಮನೆತನದ ಕಥೆ ಬೇರೆ ರೀತಿಯದು. 1785ರಲ್ಲಿ ಟಿಪ್ಪು ಸುಲ್ತಾನನ ದಂಡು ನರಗುಂದದ ಕೋಟೆಯನ್ನು ಮುತ್ತಿ ವಶಪಡಿಸಿಕೊಂಡು, ದೊರೆ ವೆಂಕಟರಾವ್ ಭಾವೆಯನ್ನು ಸೆರೆಹಿಡಿದು ಮೈಸೂರು ಸೀಮೆಗೆ ಸಾಗಿಸಿತು. ಎರಡು ವರ್ಷಗಳ ಬಳಿಕ, 1787ರಲ್ಲಿ, ಟಿಪ್ಪು, ಪೇಶ್ವೆ ಮತ್ತು ನಿಜಾಮರ ನಡುವೆ ಒಪ್ಪಂದವಾಯಿತು. ಗಜೇಂದ್ರಗಡದ ಒಪ್ಪಂದವೆಂದೇ ಅದು ಪ್ರಸಿದ್ಧ. ಅದರ ಪ್ರಕಾರ ಬಾದಾಮಿ, ಕಿತ್ತೂರು, ನರಗುಂದಗಳು ಮರಾಠರಿಗೆ ಮರಳಿದವು. ಕೋಟೆಯ ಗೋಡೆ ಉಳಿಸಿಕೊಳ್ಳಲಾಗದ್ದನ್ನು ಪಕ್ಕದೂರಿನ ಹೆಸರು ಹೊತ್ತ ಒಂದು ಕಾಗದ ಮರಳಿ ಕೊಡಿಸಿತು.

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ನರಗುಂದ ಆಂಗ್ಲರ ಮೇಲಧಿಕಾರಕ್ಕೆ ಬಂತು. 1842ರಲ್ಲಿ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬರು, ಸಂಸ್ಥಾನದ ಅಧಿಕಾರ ವಹಿಸಿಕೊಂಡರು. ಅವರು ಓದುಬರಹದಲ್ಲಿ ಆಸಕ್ತರು. ಅವರ ಸಂಗ್ರಹದಲ್ಲಿ ಮೂರು ನಾಲ್ಕು ಸಾವಿರ ಗ್ರಂಥಗಳಿದ್ದವೆಂದು ಅಂದಿನ ಆಂಗ್ಲ ಅಧಿಕಾರಿಗಳೇ ಬರೆದಿದ್ದಾರೆ. ಒಂದು ಸಣ್ಣ ಸಂಸ್ಥಾನದ ಮಟ್ಟಿಗೆ ಇದು ಸಾಮಾನ್ಯ ಸಂಪತ್ತಲ್ಲ.

ಬಾಬಾಸಾಹೇಬರಿಗೆ ವಾರಸುದಾರನಿರಲಿಲ್ಲ. ದತ್ತು ತೆಗೆದುಕೊಳ್ಳಲು ಅನುಮತಿ ಬೇಡಿದರು, ಸರಕಾರ ನಿರಾಕರಿಸಿತು. ದತ್ತು ಇಲ್ಲವೆಂದರೆ ತಮ್ಮ ಕಾಲದ ನಂತರ ಸಂಸ್ಥಾನವೇ ಇಲ್ಲ ಎಂದರ್ಥ. ಮನೆತನ ಯಾವ ಹಕ್ಕನ್ನು ಸ್ವಾಭಾವಿಕವೆಂದು ತಿಳಿದಿತ್ತೋ ಅದು ಮೇಲಿನವರ ಅನುಗ್ರಹವೆಂದು ಸರಕಾರದ ಕಡತ ತಿಳಿದಿತ್ತು.

ಇದೇ ಕಾಲದಲ್ಲಿ ಇಡೀ ಸೀಮೆಯ ಭೂಹಿಡುವಳಿದಾರರಿಗೆ ಇನ್ನೊಂದು ಪೆಟ್ಟು ಬಿತ್ತು. ಇನಾಮು ಭೂಮಿಗಳ ಹಕ್ಕಿನ ವಿಚಾರಣೆ ದಕ್ಷಿಣ ಮರಾಠಾ ಪ್ರದೇಶದಲ್ಲಿ 1843ರಲ್ಲೇ ಆರಂಭವಾಗಿತ್ತು. 1852ರ ಕಾಯಿದೆ ಇನಾಮ್ ಕಮಿಷನ್ನಿಗೆ ಪೂರ್ಣ ಅಧಿಕಾರ ಕೊಟ್ಟಿತು. ಸನದು ತೋರಿಸು, ಇಲ್ಲವೇ ಭೂಮಿ ಬಿಡು ಎಂಬುದು ಅದರ ಸಾರ. ಅಜ್ಜ ಮುತ್ತಜ್ಜರ ಕಾಲದಿಂದ ಉಣ್ಣುತ್ತ ಬಂದವರಲ್ಲಿ ಎಷ್ಟೋ ಮಂದಿಯ ಬಳಿ ಕಾಗದವೇ ಇರಲಿಲ್ಲ. ಗೆದ್ದಲು ತಿಂದಿತ್ತು, ಮನೆಗೆ ಬೆಂಕಿ ಬಿದ್ದಿತ್ತು, ಪಾಲಾಗುವಾಗ ಯಾರದೋ ಕೈ ಸೇರಿತ್ತು. 1857ಕ್ಕೆ ಮುಂಚಿನ ಐದು ವರ್ಷಗಳಲ್ಲಿ ಮುಂಬಯಿ ಪ್ರಾಂತದಲ್ಲಿ ಸುಮಾರು 35,000 ಹಿಡುವಳಿಗಳ ವಿಚಾರಣೆ ನಡೆದು, ಅವುಗಳಲ್ಲಿ ಸುಮಾರು 20,000 ಸರಕಾರದ ವಶವಾದವೆಂದು ಇತಿಹಾಸಕಾರರು ಲೆಕ್ಕ ಕೊಡುತ್ತಾರೆ. ಒಂದು ಯುದ್ಧದಲ್ಲಿಯೂ ಇಷ್ಟು ಮನೆಗಳು ಭೂಮಿ ಕಳೆದುಕೊಂಡಿರಲಾರವು.

1858ರ ಮೇ ತಿಂಗಳಲ್ಲಿ ಬಾಬಾಸಾಹೇಬರು ದಂಗೆ ಎದ್ದರು. ಮುಂಡರಗಿ ಭೀಮರಾಯರೂ ಅದೇ ವೇಳೆಗೆ ಎದ್ದಿದ್ದರು. ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ರಾಜಕೀಯ ಪ್ರತಿನಿಧಿ ಚಾರ್ಲ್ಸ್ ಮ್ಯಾನ್ಸನ್ ನರಗುಂದದವರ ಕೈಯಲ್ಲಿ ಹತನಾದ. ಈ ಮ್ಯಾನ್ಸನ್ ಹಿಂದೆ ಇನಾಮ್ ಕಮಿಷನ್ನಿನಲ್ಲಿ ಕೆಲಸ ಮಾಡಿದ್ದವನು ಎಂಬುದನ್ನು ಓದುಗರು ಮರೆಯಬಾರದು. ಜನರ ಸಿಟ್ಟು ಯಾವ ಬೇರಿನಿಂದ ಬಂದಿತ್ತೆಂಬುದಕ್ಕೆ ಅಷ್ಟೇ ಸಾಕು. ಜೂನ್ ಮೊದಲ ದಿನಗಳಲ್ಲಿ ನರಗುಂದ ಬಿದ್ದಿತು. ಬಾಬಾಸಾಹೇಬರು ಸೆರೆಸಿಕ್ಕರು, ಜೂನ್ 12ರಂದು ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಅವರ ತಾಯಿ ಮತ್ತು ಪತ್ನಿ ಮಲಪ್ರಭೆಯ ಪಾಲಾದರು. ಸಂಸ್ಥಾನ ಮುಟ್ಟುಗೋಲಾಗಿ ಧಾರವಾಡ ಜಿಲ್ಲೆಗೆ ಸೇರಿತು. ಅದೇ ಭಾವೆ ಮನೆತನದ ರಾಮದುರ್ಗದ ಕವಲು ಮಾತ್ರ 1948ರವರೆಗೆ ತನ್ನ ಸಂಸ್ಥಾನವನ್ನು ಉಳಿಸಿಕೊಂಡಿತು.

ಆ ಸಾವಿರಾರು ಗ್ರಂಥಗಳ ಭಂಡಾರ ಇಂದು ನರಗುಂದದಲ್ಲಿಲ್ಲ. ಬಾಬಾಸಾಹೇಬರ ವಿಷಯ ನಮಗೆ ಇಂದು ಬಹುಮಟ್ಟಿಗೆ ತಿಳಿಯುವುದು ಅವರನ್ನು ಗಲ್ಲಿಗೇರಿಸಿದ ಸರಕಾರದ ವರದಿಗಳಿಂದ, ಇಲ್ಲವೆ ಜನರ ಬಾಯಿಮಾತಿನಿಂದ. ಮನೆಯ ಕಾಗದ ಹೋದರೆ ಮನೆಯ ಕಥೆಯನ್ನು ಎದುರು ಪಕ್ಷದವನು ಹೇಳುತ್ತಾನೆ. ಭೂಮಿ ಹೋದದ್ದು ಒಂದು ನಷ್ಟವಾದರೆ ಇದು ಎರಡನೆಯದು.

ವಿಚಾರಣೆಗೆ ಕಲೆಹಾಕಿದ ಕಾಗದಗಳ ಗತಿ ಏನಾಯಿತು? ಅವು ಪುಣೆಯ ಪೇಶ್ವೆ ದಫ್ತರದಲ್ಲಿ, ಬಟ್ಟೆಯಲ್ಲಿ ಕಟ್ಟಿದ ಸಾವಿರಾರು ರುಮಾಲುಗಳಾಗಿ, ಬಹುಪಾಲು ಮೋಡಿ ಲಿಪಿಯಲ್ಲಿ ಇವೆ. ಗೋವಿಂದ ಸಖಾರಾಮ ಸರದೇಸಾಯಿಯವರು ಅವುಗಳಿಂದ ಆಯ್ದು 1930ರಿಂದ 1934ರೊಳಗೆ 45 ಸಂಪುಟಗಳನ್ನು ಹೊರತಂದರು. ಭೂಮಿ ಕಸಿಯಲು ಕೂಡಿಸಿದ ಕಾಗದವೇ ಕೊನೆಗೆ ನಾಡಿನ ಇತಿಹಾಸಕ್ಕೆ ಆಧಾರವಾಯಿತು. ಆದರೆ ಮೋಡಿ ಓದಬಲ್ಲವರು ಇಂದು ವಿರಳ. ಕಾಗದ ಉಳಿದರೆ ಸಾಲದು, ಓದುವವರೂ ಉಳಿಯಬೇಕು.

ತೋಟದವನೇ ದಂಡಿನವನಾದಾಗ

ನಮ್ಮ ಕಾಫಿ ಸೀಮೆಯಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಕೊಡಗು. ಅಲ್ಲಿಯ ಜಮ್ಮಾ ಭೂಮಿ ಅರಸನಿಗೆ ದಂಡಿನ ಸೇವೆ ಸಲ್ಲಿಸುವ ಒಕ್ಕಗಳಿಗೆ ಬಂದದ್ದು. ಸಾಗು ಭೂಮಿಗೆ ನೂರು ಭಟ್ಟಿಗೆ 10 ರೂಪಾಯಿ ಕಂದಾಯವಿದ್ದರೆ ಜಮ್ಮಾ ಭೂಮಿಗೆ 5 ರೂಪಾಯಿ. ಉಳಿದದ್ದನ್ನು ಕೋವಿ ಹಿಡಿದು ತೀರಿಸಬೇಕಿತ್ತು. 1811ರಿಂದ 1820ರವರೆಗೆ ಆಳಿದ ಲಿಂಗರಾಜನ ಶಿಸ್ತಿನ ಲೆಕ್ಕ ಇದಕ್ಕೆಲ್ಲ ಮೂಲ ದಾಖಲೆ. ಕಾಫಿ ತೋಟದ ಕುಟುಂಬದಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರಂಥ ದಂಡನಾಯಕರನ್ನು ನಾಡು ಪಡೆದದ್ದು ಇದೇ ಮಣ್ಣಿನಿಂದ. ಮಡಿಕೇರಿಯ ಅವರ ಸನ್ನಿಸೈಡ್ ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಆದರೆ ಅದೇ ಜಿಲ್ಲೆಯಲ್ಲಿ, ಎಂದೋ ತೀರಿಕೊಂಡ ಪಟ್ಟೆದಾರರ ಹೆಸರು ಪಹಣಿಯಲ್ಲಿ ನಿಂತಿರುವುದರಿಂದ ಸಾಲಕ್ಕೂ ಪಾಲಿಗೂ ಅಲೆದ ಕುಟುಂಬಗಳು ಎಷ್ಟೋ.

ಹೊರದೇಶದ ಒಂದು ಮಾತನ್ನೂ ಇಲ್ಲಿ ಹೇಳಬೇಕು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಸೇನಾಪತಿಯಾಗಿದ್ದಂತೆ ತೋಟಗಾರನೂ ಆಗಿದ್ದ. ಮೊದಲು ಹೊಗೆಸೊಪ್ಪು, ಬಳಿಕ ಗೋಧಿ ಬೆಳೆದ. ಹವೆ, ಬಿತ್ತನೆ, ಕೊಯ್ಲು ಎಲ್ಲವನ್ನೂ ದಿನಚರಿಯಲ್ಲಿ ಬರೆದಿಟ್ಟ. ಬಾಬಾಸಾಹೇಬರಂತೆ ಆತನಿಗೂ ಸ್ವಂತ ಮಕ್ಕಳಿರಲಿಲ್ಲ. ಕಾಗದ ಪತ್ರಗಳನ್ನು ತಮ್ಮನ ಮಗನಿಗೆ ಉಯಿಲು ಮಾಡಿದ. ಅಲ್ಲಿಯ ಸರಕಾರ ಅವನ್ನು 1834 ಮತ್ತು 1849ರಲ್ಲಿ ಹಣ ಕೊಟ್ಟು ಕೊಂಡಿತು. 1968ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಅವುಗಳ ಸಂಪಾದನೆಯ ಕಾರ್ಯ ಆರಂಭವಾಯಿತು. ಆ ಕಾಗದಗಳಲ್ಲಿ ಆತನ ಯುದ್ಧದ ಪತ್ರಗಳಷ್ಟೇ ಇಲ್ಲ. 1799ರಲ್ಲಿ ಆತನ ಎಸ್ಟೇಟಿನಲ್ಲಿ ಗುಲಾಮರಾಗಿ ದುಡಿಯುತ್ತಿದ್ದ 317 ಮಂದಿಯ ಪಟ್ಟಿಯೂ ಇದೆ. ಆ ಜನರ ಹೆಸರು, ಯಾರು ಯಾರ ಮಡದಿ ಮಕ್ಕಳೆಂಬ ಸಂಗತಿ ಇಂದು ಜಗತ್ತಿಗೆ ತಿಳಿಯುವುದು ಆ ಪಟ್ಟಿಯಿಂದ. ಒಡೆಯನ ಕೀರ್ತಿಗೆ ಅದು ಕುಂದೇ. ಆದರೂ ಕಾಗದ ಉಳಿದದ್ದು ಒಳ್ಳೆಯದಾಯಿತು.

ಸನದೊಂದೇ ಕಾಗದವಲ್ಲ

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕ್ರಯಪತ್ರ, ಪಾಲುಪಟ್ಟಿ, ಸಾಗುವಳಿ ಚೀಟಿ ಇವುಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೇವೆ. ಉಳಿದದ್ದನ್ನು ದೀಪಾವಳಿಯ ಮುಂಚೆ ಮನೆ ಗುಡಿಸುವಾಗ ಬಚ್ಚಲ ಒಲೆಗೆ ಹಾಕುತ್ತೇವೆ. 1996ರವರೆಗೆ ನಡೆದ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಿದ ಕಾಫಿಯ ರಸೀದಿ, 1973ರಲ್ಲಿ ಹುಟ್ಟಿದ ಕ್ಯಾಂಪ್ಕೋಗೆ ಅಡಿಕೆ ಕೊಟ್ಟ ಚೀಟಿ, ಮಳೆಯನ್ನು ಇಂಚು ಸೆಂಟುಗಳಲ್ಲಿ ಗುರುತಿಸಿದ ಪುಸ್ತಕ, ಹೂಮಳೆ ಬಿದ್ದ ದಿನ, ಕೊಳೆ ರೋಗಕ್ಕೆ ಬೋರ್ಡೋ ಸಿಂಪಡಿಸಿದ ದಿನ, ಹಣ್ಣು ಕೊಯ್ದವರ ಹಾಜರಿ ಪಟ್ಟಿ, ಇವೆಲ್ಲ ಕಸವಲ್ಲ. ಕಾರ್ಯದರ್ಶಿಯ ಮೇಜಿನ ಈಚೆ ಕುಳಿತು ನಾವು ಕಂಡಂತೆ, ಗಡಿ ತಕರಾರಿನಲ್ಲಿ, ಬೆಳೆನಷ್ಟದ ಪರಿಹಾರದಲ್ಲಿ, ಅಣ್ಣತಮ್ಮಂದಿರ ಪಾಲಿನಲ್ಲಿ ಎಷ್ಟೋ ಸಲ ಕೈಹಿಡಿಯುವುದು ಇಂಥ ಬಿಡಿ ಚೀಟಿಯೇ. ಹಾಜರಿ ಪಟ್ಟಿಯಂತೂ ತೋಟ ಕಟ್ಟಿದ ಕೂಲಿಕಾರರ ಹೆಸರು ಉಳಿದಿರುವ ಏಕೈಕ ಜಾಗವಾಗಿರಬಹುದು.

ಆದ್ದರಿಂದ ಸದಸ್ಯ ಬಾಂಧವರು ಈ ಕೆಲವು ಕಾರ್ಯಗಳನ್ನು ಈ ಮಳೆಗಾಲ ಹಿಡಿಯುವ ಮುನ್ನವೇ ಮಾಡಿಕೊಳ್ಳುವುದು ಒಳಿತು.

ಮೊದಲನೆಯದಾಗಿ, ಮನೆಯ ಹಿರಿಯರು ತೀರಿಕೊಂಡಿದ್ದರೆ ಪೌತಿ ಖಾತೆಯನ್ನು ಮುಂದೂಡಬೇಡಿ. ವಂಶವೃಕ್ಷ ಬರೆಯಲು ಹೆಸರು ಸಂಬಂಧ ಬಲ್ಲ ಅಜ್ಜಿಯಂದಿರು ಇರುವಾಗಲೇ ಕೇಳಿ ಬರೆದಿಡಿ.

ಎರಡನೆಯದಾಗಿ, ಪಹಣಿ ಗಣಕದಲ್ಲಿದೆ ಎಂದು ಮೂಲ ಕಾಗದವನ್ನು ಅಲಕ್ಷಿಸಬೇಡಿ. ಭೂಮಿ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿರುವುದು ನಿಜ. ಆದರೆ ಅಲ್ಲಿ ಹೆಸರಿನ ಒಂದಕ್ಷರ ತಪ್ಪಿದರೂ ಅದನ್ನು ತಿದ್ದಿಸಲು ಬೇಕಾಗುವುದು ಹಳೆಯ ಕೈಬರಹದ ಪ್ರತಿ, ಪೋಡಿ, ಸರ್ವೆ ಟಿಪ್ಪಣಿ.

ಮೂರನೆಯದಾಗಿ, ಮಲೆನಾಡಿನ ಥಂಡಿಗೆ ಕಾಗದ ಬೇಗ ಬೂಷ್ಟು ಹಿಡಿಯುತ್ತದೆ. ಗೋಡೆಗೆ ತಾಗಿಸದೆ ತಗಡಿನ ಪೆಟ್ಟಿಗೆಯಲ್ಲಿ, ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಹರಿದಲ್ಲಿ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಎರಡೂ ಹಳೆಯ ಕಾಗದಕ್ಕೆ ಶತ್ರುಗಳು. ಮಳೆಗಾಲ ಕಳೆದ ಮೇಲೆ ನೆರಳಿನಲ್ಲಿ ಗಾಳಿಗೆ ಹರಡಿ, ಮೊಬೈಲಿನಲ್ಲಿ ಚಿತ್ರ ತೆಗೆದು, ಬೇರೆ ಊರಿನಲ್ಲಿರುವ ಮಗಳಿಗೋ ಮಗನಿಗೋ ಒಂದು ಪ್ರತಿ ಕಳಿಸಿ.

ನಾಲ್ಕನೆಯದಾಗಿ, ಪೆಟ್ಟಿಗೆಯಲ್ಲಿ ಏನಿದೆ ಎಂಬ ಒಂದು ಪಟ್ಟಿ ಬರೆದು ಮುಚ್ಚಳದ ಒಳಗೆ ಇಡಿ. ಮನೆಯ ಹೆಂಗಸರಿಗೂ ಅದನ್ನು ಓದಿ ತಿಳಿಸಿ. ಯಜಮಾನನೊಬ್ಬನಿಗೇ ಗೊತ್ತಿರುವ ಕಾಗದ ಯಜಮಾನನೊಂದಿಗೇ ಹೋಗುತ್ತದೆ. ಮೋಡಿ, ತಿಗಳಾರಿ ಮುಂತಾದ ಹಳೆಯ ಲಿಪಿಯ ಕಾಗದ ಸಿಕ್ಕರೆ ಓದಲು ಬಾರದೆಂದು ಎಸೆಯದೆ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದವರಿಗೆ ತೋರಿಸಿ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನರಗುಂದದ ಬೆಟ್ಟ ನೋಡಿದವರಿಗೆ ಬೇಗ ನೆನಪಾಗುತ್ತದೆ. ನಮ್ಮ ಕೋಟೆ ಎರಡೋ ಮೂರೋ ಎಕರೆಯದು. ಅದರ ದಿಡ್ಡಿ ಬಾಗಿಲು ಅಟ್ಟದ ಮೇಲಿನ ಆ ಹಳೆಯ ಪೆಟ್ಟಿಗೆ. ಪೌತಿ ಖಾತೆಯ ಅರ್ಜಿ ಬರೆಯಲು ತೊಡಕಾದ ಸದಸ್ಯರು ಕಾಗದಗಳ ನೆರಳಚ್ಚು ಪ್ರತಿಯೊಡನೆ ಸಂಘದ ಕಚೇರಿಗೆ ಬಂದರೆ ಕುಳಿತು ಬರೆದುಕೊಡಲು ನಾವು ಸಿದ್ಧರಿದ್ದೇವೆ. ಮೂಲ ಪ್ರತಿಯನ್ನು ಮಾತ್ರ ಮನೆಯಲ್ಲೇ ಇಟ್ಟು ಬನ್ನಿ.