ಆಟಕ್ಕೆ ಬಾಲಂಗೋಚಿ: ಕೊಳ್ಳಬೇಕೇ?

‘ಸ್ವೋರ್ಡ್ ಆರ್ಟ್ ಆನ್‌ಲೈನ್: ಫೇಟಲ್ ಬುಲೆಟ್’ 2018ರಲ್ಲಿ ಬಂದ ಜಪಾನಿ ವಿಡಿಯೋ ಆಟ. ಅನಿಮೆ ಕಥೆಯ ಪಾತ್ರಗಳೊಡನೆ ಬಂದೂಕು ಹಿಡಿದು ಕಾದಾಡುತ್ತ, ನಿಮ್ಮ ಪಾತ್ರದ ಶಕ್ತಿಯನ್ನು ಬೆಳೆಸಿಕೊಳ್ಳುವ ಆಟವಿದು. ಅದೇ ವರ್ಷ ಇದಕ್ಕೆ ಮೂರು ಸಣ್ಣ ಕಂತುಗಳು ಬಂದವು. 2019ರ ಜನವರಿಯಲ್ಲಿ ‘ಡಿಸೊನೆನ್ಸ್ ಆಫ್ ದ ನೆಕ್ಸಸ್’ ಎಂಬ ದೊಡ್ಡ ವಿಸ್ತರಣೆ. ಮೂಲ ಆಟವಿಲ್ಲದೆ ಇವು ನಡೆಯವು.

ಹಾಗಾದರೆ ಕೈಖರ್ಚಿನ ಹಣ ಇವಕ್ಕೆ ಸುರಿಯಬಹುದೇ? ಮೊದಲು ಮೂಲ ಆಟ ಮುಗಿಸಿ. ಅರ್ಧಕ್ಕೇ ಬೇಸರವಾದರೆ ಉತ್ತರ ಸಿಕ್ಕಿತು! ಕಥೆ ಹಿಡಿಸಿದವರಿಗೆ ದೊಡ್ಡ ವಿಸ್ತರಣೆ ದಂಡವಲ್ಲ. ಹೊಸ ಕಥೆ, ಹೊಸ ಪ್ರದೇಶ ಅದರಲ್ಲಿವೆ. ಸಣ್ಣ ಕಂತುಗಳಿಗೆ ಅವಸರ ಬೇಡ. ಇನ್ನೂ ಏನನ್ನೂ ಕೊಳ್ಳದವರು, ಎಲ್ಲವನ್ನೂ ಕೂಡಿಸಿ 2019ರಲ್ಲಿ ಹೊರತಂದ ‘ಕಂಪ್ಲೀಟ್ ಎಡಿಷನ್’ ಬೆಲೆಯನ್ನು ಬಿಡಿ ಬೆಲೆಗಳ ಮೊತ್ತದೊಡನೆ ತಾಳೆ ನೋಡಿ.