ಒಂದು ಕೋಟಿ ಲೀಟರ್, ದಿನಕ್ಕೆರಡು ಹೊತ್ತು

2024ರ ಜೂನ್ ತಿಂಗಳಲ್ಲಿ ಕರ್ನಾಟಕ ಹಾಲು ಮಹಾಮಂಡಳಕ್ಕೆ ಬರುತ್ತಿದ್ದ ಹಾಲು ದಿನಕ್ಕೆ ಒಂದು ಕೋಟಿ ಲೀಟರಿನ ಹತ್ತಿರ ಬಂದಿತ್ತು. ಹತ್ತು ಸಾವಿರ ಲೀಟರ್ ಹಿಡಿಯುವ ಟ್ಯಾಂಕರುಗಳಿಗೆ ಅದನ್ನು ತುಂಬಿಸಿದರೆ ಸಾವಿರ ಟ್ಯಾಂಕರು ಬೇಕು. ಒಂದರ ಹಿಂದೊಂದು ಒತ್ತಾಗಿ ನಿಲ್ಲಿಸಿದರೂ ಸಾಲು ಒಂಬತ್ತು ಕಿಲೋಮೀಟರಿನ ಆಸುಪಾಸು ಹೋಗುತ್ತದೆ. ಮಾರನೆಯ ದಿನ ಮತ್ತೆ ಸಾವಿರ. ಭಾನುವಾರ, ಯುಗಾದಿ, ಬಂದ್ ಯಾವುದೂ ಕೆಚ್ಚಲಿಗೆ ಗೊತ್ತಿಲ್ಲ.

ಪೂರೈಕೆ ಸರಪಳಿ ಎಂದರೆ ಬಂದರು, ಕಂಟೇನರು, ದೊಡ್ಡ ಹಡಗುಗಳೇ ಕಣ್ಣಿಗೆ ಬರುತ್ತವೆ. ನನಗೆ ಅವಕ್ಕಿಂತ ಹೆಚ್ಚು ಬೆರಗು ಹುಟ್ಟಿಸುವುದು ಈ ಹಾಲಿನ ಸರಪಳಿ. ಇದರ ಎರಡು ತುದಿಗಳೂ ತೀರಾ ಚಿಕ್ಕವು. ಹಳ್ಳಿಗಳ ಹಾಲು ಸಹಕಾರ ಸಂಘಗಳ ಸದಸ್ಯರಾಗಿರುವ ಹಾಲು ಉತ್ಪಾದಕರು ಸುಮಾರು 26 ಲಕ್ಷ. ಕೋಟಿ ಲೀಟರನ್ನು ಅವರಿಗೆ ಹಂಚಿ ನೋಡಿ, ತಲೆಗೆ ನಾಲ್ಕು ಲೀಟರೂ ಬರುವುದಿಲ್ಲ. ಆ ಕಡೆ ಒಂದು ಕೊಟ್ಟಿಗೆಯ ಎರಡು ಹೊತ್ತಿನ ಹಾಲು, ಈ ಕಡೆ ಮನೆಬಾಗಿಲಿನ ಅರ್ಧ ಲೀಟರ್ ಪ್ಯಾಕೆಟ್ಟು. ನಡುವೆ ಮಾತ್ರ ಹೊಳೆ.

ಬೆಳಿಗ್ಗೆ ಆರಕ್ಕೆ ಯಾವುದಾದರೂ ಊರಿನ ಹಾಲಿನ ಡೈರಿ ಮುಂದೆ ನಿಂತರೆ ಆ ಹೊಳೆಯ ಮೂಲ ಕಾಣುತ್ತದೆ. ಸ್ಟೀಲ್ ಕ್ಯಾನು ಹಿಡಿದ ಹೆಂಗಸರು ಸರದಿಯಲ್ಲಿರುತ್ತಾರೆ. ಒಳಗೆ ಹಾಲನ್ನು ಕಲಕಿ, ಚೂರೇ ಚೂರು ತೆಗೆದು ಯಂತ್ರದ ಕೊಳವೆಗೆ ಹಿಡಿಯುತ್ತಾರೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಉಳಿದ ಘನಾಂಶ) ಎಷ್ಟು, ಎಷ್ಟು ಲೀಟರು, ಎಷ್ಟು ರೂಪಾಯಿ ಎಂದು ಅಚ್ಚಾದ ಚೀಟಿ ಹೊರಬರುತ್ತದೆ. ಅದರಲ್ಲಿ ಫ್ಯಾಟ್ 3.6 ಇರಬೇಕಾದಲ್ಲಿ 3.5 ಬಿದ್ದರೆ ಹಾಲು ಹಾಕಿದವಳು ಎರಡು ಮಾತು ಕೇಳಿಯೇ ಹೋಗುತ್ತಾಳೆ. ಕೇಳಲೇಬೇಕು. ಕೋಟಿ ಲೀಟರಿನಲ್ಲಿ ಶೇಕಡಾ 0.1 ಜಿಡ್ಡು ಎಂದರೆ ಹತ್ತು ಟನ್ನಿಗೂ ಮಿಗಿಲು. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಸಂಘಗಳಲ್ಲಿ ದಿನಕ್ಕೆರಡು ಸಲ ಈ ಅಳತೆ ನಡೆಯುತ್ತದೆ, ಮುಂದಿನದೆಲ್ಲ ಅದನ್ನೇ ನಂಬಿ ನಿಂತಿದೆ.

ಇನ್ನು ಕಾಲ. ಕರೆದ ಹಾಲಿಗೆ ಹಸುವಿನ ಮೈಯ ಬಿಸಿಯೇ ಇರುತ್ತದೆ, ಬ್ಯಾಕ್ಟೀರಿಯಾಗಳಿಗೆ ಅದು ಹೇಳಿ ಮಾಡಿಸಿದ ಜಾಗ. ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾದರೆ ನಾಲ್ಕು ಗಂಟೆಯಲ್ಲಿ ಒಂದು 256 ಆಗುತ್ತದೆ. ಅದಕ್ಕೇ ಹಳ್ಳಿಯಲ್ಲೇ, ಇಲ್ಲವೇ ಹತ್ತಿರದ ಶೀತಲೀಕರಣ ಕೇಂದ್ರದಲ್ಲಿ, ಹಾಲನ್ನು 4 ಡಿಗ್ರಿಗೆ ಇಳಿಸುವ ಅವಸರ. ಕೋಟಿ ಲೀಟರನ್ನು 35ರಿಂದ 4 ಡಿಗ್ರಿಗೆ ತರಲು ತೆಗೆಯಬೇಕಾದ ಶಾಖ ಎಷ್ಟು? ಸುಮಾರು 3,700 ಟನ್ ಮಂಜುಗಡ್ಡೆಯನ್ನು ಕರಗಿಸುವಷ್ಟು. ಅದೂ ಪ್ರತಿದಿನ.

ಕಾರ್ಖಾನೆಯಾದರೆ ಬೇಡಿಕೆ ಕುಸಿದಾಗ ಒಂದು ಪಾಳಿ ನಿಲ್ಲಿಸಬಹುದು. ಹಸುವನ್ನು ಕರೆಯದೆ ಬಿಟ್ಟರೆ ಕೆಚ್ಚಲು ಬಾವು. 2020ರ ಲಾಕ್‌ಡೌನಿನಲ್ಲಿ ಹೋಟೆಲು, ಚಹಾದಂಗಡಿಗಳೆಲ್ಲ ಬಾಗಿಲು ಹಾಕಿದವು, ಹಾಲು ಬರುತ್ತಲೇ ಇತ್ತು. ಮಿಕ್ಕಿದ್ದನ್ನು ಸರ್ಕಾರ ಕೊಂಡು ಬಡವರ ಬಡಾವಣೆಗಳಲ್ಲಿ ಉಚಿತವಾಗಿ ಹಂಚಿಸಿತು. 2024ರ ಜೂನಿನಲ್ಲಿ ದಾರಿ ಬೇರೆ: ಮಹಾಮಂಡಳ ಪ್ರತಿ ಪ್ಯಾಕೆಟ್ಟಿಗೂ 50 ಮಿಲಿಲೀಟರ್ ಹೆಚ್ಚಿಗೆ ತುಂಬಿ ಎರಡು ರೂಪಾಯಿ ಏರಿಸಿತು. ಕೊಂಡವರು ಬೆಲೆ ನೋಡಿ ಗೊಣಗಿದರು, ಆ ಗೊಣಗಾಟ ನ್ಯಾಯವೇ. ಆದರೂ ಲೆಕ್ಕ ನೋಡಿ: 50 ಮಿಲಿ ಎಂದರೆ ಮೂರು ದೊಡ್ಡ ಚಮಚಕ್ಕಿಂತ ತುಸು ಹೆಚ್ಚು, ಹತ್ತು ಲಕ್ಷ ಪ್ಯಾಕೆಟ್ಟಿಗೆ ಅದೇ ಐವತ್ತು ಸಾವಿರ ಲೀಟರು, ಐದು ಟ್ಯಾಂಕರು.

ಅಲ್ಲೂ ಮುಗಿಯದ್ದು ಪುಡಿಯಾಗುತ್ತದೆ. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರು, ಅದನ್ನು ಹಾರಿಸಿದರೆ ಇಂದು ಕೆಡಬೇಕಿದ್ದದ್ದು ತಿಂಗಳುಗಟ್ಟಲೆ ಕಾಯುತ್ತದೆ. 2013ರ ಆಗಸ್ಟ್ 1ರಂದು ಶುರುವಾದ ಶಾಲಾ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ಈ ಪುಡಿಗೆ ದೊಡ್ಡ ದಾರಿ ಮಾಡಿತು. ಶಾಲೆಯ ಮಗುವಿಗೆ 18 ಗ್ರಾಂ ಪುಡಿ, 150 ಮಿಲಿ ಹಾಲು. ಹತ್ತು ಲಕ್ಷ ಮಕ್ಕಳು ಒಂದೊಂದು ಲೋಟ ಕುಡಿದರೆ 18 ಟನ್ ಪುಡಿ ಖರ್ಚು. ಹೆಚ್ಚಾದ ಹಾಲಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ.

ಹಣ ಹರಿಯುವುದು ಎದುರು ದಿಕ್ಕಿನಲ್ಲಿ. ಖರೀದಿ ದರ ಲೀಟರಿಗೆ ಒಂದು ರೂಪಾಯಿ ಇಳಿದರೆ ಸಂಘಗಳಿಂದ ಹಾಲು ಕೊಳ್ಳುವ ಒಕ್ಕೂಟಗಳಿಗೆಲ್ಲ ಸೇರಿ ದಿನಕ್ಕೆ ಒಂದು ಕೋಟಿ ಉಳಿತಾಯ, ಹಾಲು ಹಾಕುವವಳಿಗೆ ಸುಮಾರು ನಾಲ್ಕು ರೂಪಾಯಿ ಖೋತಾ. ಈ ಎರಡು ಸಂಖ್ಯೆಗಳಲ್ಲಿ ಸಭೆಗಳಲ್ಲಿ ಚರ್ಚೆಯಾಗುವುದು ಮೊದಲನೆಯದು, ಸರಪಳಿಯನ್ನು ಹಿಡಿದಿರುವುದು ಎರಡನೆಯದು. ಬಟವಾಡೆ ತಡವಾದರೆ ಹಿಂಡಿ, ಬೂಸಾ ಸಾಲದ ಲೆಕ್ಕಕ್ಕೆ ಹೋಗುತ್ತವೆ, ಸಾಲ ಬೆಳೆದರೆ ಹಸು ಸಂತೆಗೆ ಹೋಗುತ್ತದೆ. ಆಮೇಲೆ ಹಾಲು ಬೇಕೆಂದರೆ ಹೆಣ್ಣುಗರು ಹುಟ್ಟಬೇಕು, ಬೆಳೆದು ಬೆದೆಗೆ ಬರಬೇಕು, ಒಂಬತ್ತು ತಿಂಗಳು ಗಬ್ಬ ಹೊರಬೇಕು. ಹುಟ್ಟಿದ ದಿನದಿಂದ ಕ್ಯಾನಿಗೆ ಮೊದಲ ಲೀಟರು ಬೀಳುವ ಹೊತ್ತಿಗೆ ಹತ್ತಿರ ಹತ್ತಿರ ಮೂರು ವರ್ಷ.